ಒಂದು ಗಂಟೆ ಐದು ನಿಮಿಷದ ಊರು

"ನಿಮ್ಮ ಊರು ಎಷ್ಟು ದೂರ?" ಅಂತ ಬೆಂಗಳೂರಿನಲ್ಲಿ ಯಾರಾದರೂ ಕೇಳಿದರೆ ನನ್ನ ಹತ್ತಿರ ರೆಡಿಮೇಡ್ ಉತ್ತರ ಇತ್ತು. "ಮಂಗಳೂರಿಗೆ ಒಂದು ಗಂಟೆ ಐದು ನಿಮಿಷದ ಫ್ಲೈಟ್, ಅಷ್ಟೇ."

ಅಪ್ಪನನ್ನು ಕೇಳಿದರೆ ಉತ್ತರ ಬೇರೆ. "ಬೆಂಗಳೂರಾ? ಒಂದು ನಿದ್ದೆ ದೂರ." ಅಂದರೆ ರಾತ್ರಿ ಊಟ ಮಾಡಿ ಬಸ್ಸು ಹತ್ತಿದರೆ ಬೆಳಗಿನ ಕಾಫಿಗೆ ಊರು. ಅಪ್ಪನಿಗೆ ಕಿಲೋಮೀಟರಿನ ಹಂಗಿಲ್ಲ. ಪೇಟೆ ಅಂದರೆ ಒಂದು ಬೀಡಿ ದೂರ, ಚಿಕ್ಕಮ್ಮನ ಮನೆ ಒಂದು ಊಟ ದೂರ, ಬೆಂಗಳೂರು ಒಂದು ನಿದ್ದೆ. ನಾನು ಎಂಜಿನಿಯರಿಂಗ್ ಓದಿದವನು ನೋಡಿ, ಈ ಲೆಕ್ಕ ಕೇಳಿ ನಗ್ತಾ ಇದ್ದೆ.

ಹೋದ ಮಳೆಗಾಲದವರೆಗೆ ನಗ್ತಾ ಇದ್ದೆ.

ಜುಲೈ ತಿಂಗಳ ಒಂದು ಬುಧವಾರ, ರಾತ್ರಿ 8:40. ಅಮ್ಮನ ಫೋನ್. ನಮ್ಮ ಮನೆ ಇರೋದು ಬೆಳ್ತಂಗಡಿ ತಾಲೂಕಿನಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಅಂಗಳ ಹೇಗಿರುತ್ತೆ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಡಿಕೆ ಮರದ ಹಲಗೆ ಹಾಕಿದ ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟರೆ ಪಾಚಿ. ಅಪ್ಪ ಸಂಜೆ ಕೊಟ್ಟಿಗೆಗೆ ಹೋಗುವಾಗ ಜಾರಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿದೆ ಅಂತ ಗೊತ್ತಾಗಿ, ಪಕ್ಕದ ಮನೆ ಅಣ್ಣ ತಮ್ಮ ಜೀಪಿನಲ್ಲೇ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಬೆಳಿಗ್ಗೆ ಆಪರೇಷನ್.

"ಎಂತ ಗಾಬರಿ ಬೇಡ ಮಗಾ" ಅಂದರು ಅಮ್ಮ. ಧ್ವನಿ ಮಾತ್ರ ಬೇರೆ ಏನೋ ಹೇಳ್ತಾ ಇತ್ತು. "ಒಳಗೆ ಕರ್ಕೊಂಡು ಹೋಗುವ ಮೊದಲು ನೀನೊಮ್ಮೆ ಮುಖ ತೋರಿಸಿದ್ರೆ ಅವರಿಗೆ ಧೈರ್ಯ."

ಅಕ್ಕನಿಗೆ ಫೋನ್ ಮಾಡಿದೆ. ಅವಳು ಇರೋದು ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದಲ್ಲಿ, ಅಲ್ಲಿ ಬೆಳಿಗ್ಗೆ ಎಂಟು ದಾಟಿತ್ತಷ್ಟೇ. ಅತ್ತಳು, ಸುಧಾರಿಸಿಕೊಂಡಳು, ಆಮೇಲೆ ಒಂದು ಮಾತು ಹೇಳಿದಳು. "ನಾನಂತೂ ನಾಳೆ ಹೊರಟರೂ ಆಪರೇಷನ್ನಿಗೆ ಸಿಗಲ್ಲ. ನೀನು ಒಂದು ಗಂಟೆ ದೂರದಲ್ಲಿದ್ದೀಯಲ್ಲ, ಅದೇ ಧೈರ್ಯ ನಂಗೆ."

ಒಂದು ಗಂಟೆ ದೂರ. ನನಗೂ ಅದೇ ಧೈರ್ಯ.

ಆ ದಿನದ ಕೊನೆಯ ವಿಮಾನ ಹಿಡಿಯೋಕೆ ಸಾಧ್ಯ ಇರಲಿಲ್ಲ. ಆ್ಯಪ್ ತೆಗೆದೆ. ಎರಡು ದಾರಿ ಕಂಡವು. ಒಂದು, ರಾತ್ರಿ 10:45ರ ಬಸ್ಸು, ಎಂಟು ಗಂಟೆ ಪ್ರಯಾಣ. ಇನ್ನೊಂದು, ಬೆಳಿಗ್ಗೆ 6:10ರ ವಿಮಾನ, ಒಂದು ಗಂಟೆ ಐದು ನಿಮಿಷ. ಎಂಟು ಗಂಟೆ ಎಲ್ಲಿ, ಒಂದು ಗಂಟೆ ಎಲ್ಲಿ! ಯೋಚನೆ ಮಾಡೋಕೆ ಹತ್ತು ಸೆಕೆಂಡೂ ತಗೊಳ್ಳಲಿಲ್ಲ. ಟಿಕೆಟ್ ಬುಕ್ ಮಾಡಿ, ಅಮ್ಮನಿಗೆ "ಫ್ಲೈಟಿಗೆ ಬರ್ತೇನೆ" ಅಂತ ಹೇಳಿ, ಅಲಾರಂ ಇಟ್ಟೆ.

ಇಲ್ಲಿ ಒಂದು ನಿಮಿಷ ಕಥೆ ನಿಲ್ಲಿಸಿ ಆ ಸಂಖ್ಯೆಯ ಬಗ್ಗೆ ಹೇಳ್ತೀನಿ. ಯಾಕಂದ್ರೆ ನಾವೆಲ್ಲ ದಿನಾ ನೋಡೋ ಈ "ಒಂದು ಗಂಟೆ ಐದು ನಿಮಿಷ" ನಿಜಕ್ಕೂ ಏನು ಅಂತ ನಾನೂ ಆಮೇಲೇ ಕೂತು ಯೋಚಿಸಿದ್ದು.

ಮೊದಲು ದೂರ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಕಂಡುಹಿಡಿಯೋದು ನಮ್ಮಂಥವರಿಗೆ ಹತ್ತು ಸಾಲಿನ ಕೋಡ್. ಎರಡೂ ಕಡೆಯ ಅಕ್ಷಾಂಶ ರೇಖಾಂಶ ಕೊಡಬೇಕು, ಭೂಮಿಯ ತ್ರಿಜ್ಯ 6371 ಕಿ.ಮೀ. ಅಂತ ಇಟ್ಟುಕೊಳ್ಳಬೇಕು, ಹ್ಯಾವರ್‌ಸೈನ್ ಅನ್ನೋ ಸೂತ್ರ ಹಾಕಬೇಕು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ಉತ್ತರ ಬರುತ್ತೆ: ಸುಮಾರು 306 ಕಿ.ಮೀ. ಇದು ಗೋಳದ ಮೇಲೆ ದಾರ ಎಳೆದು ಹಿಡಿದರೆ ಸಿಗುವ ದೂರ.

ಹತ್ತಿರದ ಊರುಗಳಿಗೆ ಈ ದಾರ ನಕ್ಷೆಯ ಮೇಲೆ ನೇರ ಗೆರೆಯಂತೆಯೇ ಕಾಣುತ್ತೆ. ದೂರ ಹೆಚ್ಚಾದಾಗ ಮಜಾ ಶುರು. ಅಕ್ಕನ ಸ್ಯಾನ್ ಫ್ರಾನ್ಸಿಸ್ಕೋಗೆ ಇದೇ ಸೂತ್ರ ಹಾಕಿದರೆ ಸುಮಾರು 13,990 ಕಿ.ಮೀ. ಬರುತ್ತೆ, ಮತ್ತು ಆ ದಾರ ನೇರ ಪೂರ್ವಕ್ಕೆ ಹೋಗದೆ ಸೈಬೀರಿಯಾ ಕಡೆ ಹತ್ತಿ 71 ಡಿಗ್ರಿ ಉತ್ತರದವರೆಗೆ ಹೋಗಿ ಆ ಕಡೆ ಇಳಿಯುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ, ಮಹಿಳಾ ಪೈಲಟ್‌ಗಳೇ ನಡೆಸಿದ್ದು, ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂದದ್ದು ನಿಮಗೆ ನೆನಪಿರಬಹುದು. ಧ್ರುವದ ಕಡೆಯಿಂದ ಬರೋದು ಸುತ್ತು ದಾರಿ ಅಲ್ಲ, ಅಲ್ಲಿಂದ ಇಲ್ಲಿಗೆ ಅದೇ ಹತ್ತಿರದ ದಾರಿ.

ಸರಿ, ದೂರ 306. ಈಗ ಸಮಯ. ಜೆಟ್ ವಿಮಾನ ಮೇಲೆ ಹೋದಾಗ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿರುತ್ತೆ. ಭಾಗಿಸಿ ನೋಡಿ, 22 ನಿಮಿಷ! ರೆಕ್ಕೆಗೆ ಫ್ಯಾನ್ ಇರೋ ಚಿಕ್ಕ ಎಟಿಆರ್ ವಿಮಾನ ಸುಮಾರು 500ರ ವೇಗದ್ದು, ಅದಕ್ಕೂ 37 ನಿಮಿಷ ಸಾಕು. ಹಾಗಾದರೆ ಟಿಕೆಟ್ಟಿನಲ್ಲಿ ಒಂದು ಗಂಟೆ ಐದು ನಿಮಿಷ ಯಾಕೆ?

ಯಾಕಂದ್ರೆ ಟಿಕೆಟ್ಟಿನಲ್ಲಿ ಇರೋದು ಹಾರುವ ಸಮಯ ಅಲ್ಲ. ಅದನ್ನು ಬ್ಲಾಕ್ ಟೈಮ್ ಅಂತಾರೆ. ವಿಮಾನದ ಚಕ್ರಕ್ಕೆ ಕೊಟ್ಟ ಅಡ್ಡೆ ತೆಗೆದು ಅದು ಗೇಟಿನಿಂದ ಕದಲಿದ ಕ್ಷಣದಿಂದ, ಆ ಕಡೆ ಗೇಟಿನಲ್ಲಿ ನಿಂತು ಮತ್ತೆ ಅಡ್ಡೆ ಕೊಡುವ ಕ್ಷಣದವರೆಗೆ. ಬೆಂಗಳೂರಿನಲ್ಲಿ ಈಗ 4 ಕಿ.ಮೀ. ಉದ್ದದ ಎರಡು ರನ್‌ವೇ ಇವೆ. ಗೇಟಿನಿಂದ ಹೊರಟು, ರನ್‌ವೇ ತುದಿಗೆ ತೆವಳಿ, ಸಾಲಿನಲ್ಲಿ ನಿಂತು ಮೇಲೇಳೋಕೇ ಹದಿನೈದು ಇಪ್ಪತ್ತು ನಿಮಿಷ ಹೋಗಬಹುದು. ಮೇಲೆದ್ದ ಮೇಲೂ ಪೂರ್ತಿ ವೇಗ ತಕ್ಷಣ ಸಿಗಲ್ಲ. ಇಷ್ಟು ಚಿಕ್ಕ ದಾರಿಯಲ್ಲಿ ವಿಮಾನ ಹತ್ತೋದು ಮುಗಿಸಿ ಸಮನಾಗುವಷ್ಟರಲ್ಲಿ ಇಳಿಯೋಕೆ ಶುರು ಮಾಡಬೇಕು. ಗಗನಸಖಿ ನೀರಿನ ಬಾಟಲಿ ಕೊಟ್ಟು ಮುಗಿಸುವಷ್ಟರಲ್ಲಿ "ಸೀಟ್ ಬೆಲ್ಟ್ ಹಾಕಿಕೊಳ್ಳಿ" ಅನ್ನೋದು ಇದಕ್ಕೇ. ಗಾಳಿಗೆ ಎದುರಾಗಿ ಇಳಿಯಬೇಕು, ಹಾಗಾಗಿ ಕೆಲವು ಸಲ ಊರು ದಾಟಿ ತಿರುಗಿ ಬರಬೇಕು. ಇದಕ್ಕೆಲ್ಲ ಸೇರಿಸಿ, ಮೇಲೆ ಸ್ವಲ್ಪ ಪುಡಿ ನಿಮಿಷ ಹಾಕಿ ವೇಳಾಪಟ್ಟಿ ಮಾಡ್ತಾರೆ. ನಿಮ್ಮ ವಿಮಾನ ಅರ್ಧ ಗಂಟೆ ತಡವಾಗಿ ಹೊರಟರೂ ಹತ್ತೇ ನಿಮಿಷ ತಡವಾಗಿ ತಲುಪೋದು ಈ ಪುಡಿ ನಿಮಿಷದ ದಯೆಯಿಂದ.

ಇಷ್ಟು ಗೊತ್ತಾಯ್ತಲ್ಲ, ಈಗ ಕಥೆಗೆ ವಾಪಸ್.

ನಾನಿರೋದು ಜೆ.ಪಿ. ನಗರದಲ್ಲಿ. ದೇವನಹಳ್ಳಿಗೆ 45 ಕಿ.ಮೀ. ಚಿಲ್ಲರೆ. ಬೆಳಗಿನ ಜಾವ 3:15ಕ್ಕೆ ಕ್ಯಾಬ್ ಹತ್ತಿದೆ. ಮಲಗಿದ್ದೆ ಅನ್ನೋದು ಹೆಸರಿಗಷ್ಟೇ. ವಿಮಾನ ಇಪ್ಪತ್ತು ನಿಮಿಷ ತಡವಾಗಿ ಕದಲಿತು. ಘಟ್ಟದವರೆಗೆ ಕೆಳಗೆ ಎಲ್ಲ ಕಾಣ್ತಾ ಇತ್ತು. ಆಮೇಲೆ ಬಿಳಿ ಮೋಡದ ಹಾಸು. ಸುಮಾರು 7:15ಕ್ಕೆ ಇಳಿಯಬೇಕು ಅನ್ನುವಾಗ ವಿಮಾನ ಒಂದು ಕಡೆ ವಾಲಿ ತಿರುಗೋಕೆ ಶುರು ಮಾಡಿತು. ಒಂದು ಸುತ್ತು. ಎರಡು ಸುತ್ತು. ಪೈಲಟ್ ಹೇಳಿದರು, ಮಂಗಳೂರಿನಲ್ಲಿ ಮಳೆ, ಮೋಡ ಕೆಳಗಿದೆ, ಕಾಯ್ತಾ ಇದ್ದೇವೆ.

ಮಂಗಳೂರಿನ ನಿಲ್ದಾಣ ಗುಡ್ಡದ ತಲೆಯ ಮೇಲೆ ಇದೆ. ದೊಡ್ಡ ರನ್‌ವೇ 2,450 ಮೀಟರ್, ಬೆಂಗಳೂರಿನದಕ್ಕಿಂತ ಒಂದೂವರೆ ಕಿಲೋಮೀಟರ್ ಕಡಿಮೆ, ತುದಿ ಮುಗಿದರೆ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಅಲ್ಲಿ ರನ್‌ವೇ ದಾಟಿ ಬಿದ್ದು 158 ಜನ ಹೋದರು. ಆಗ ನಾನು ಹೈಸ್ಕೂಲು. ನಮ್ಮ ಜಿಲ್ಲೆಯಲ್ಲಿ ಆ ದಿನ ಯಾರೂ ಮರೆತಿಲ್ಲ. ಇಳಿಯುವಾಗ ಒಂದು ನಿಗದಿತ ಎತ್ತರಕ್ಕೆ ಬಂದರೂ ರನ್‌ವೇ ಕಣ್ಣಿಗೆ ಕಾಣದಿದ್ದರೆ ಪೈಲಟ್ ಮತ್ತೆ ಮೇಲೇರಲೇಬೇಕು ಅನ್ನೋದು ನಿಯಮ. ಕಾಯೋಕೂ, ಬೇರೆ ನಿಲ್ದಾಣಕ್ಕೆ ಹೋಗೋಕೂ ಬೇಕಾದಷ್ಟು ಇಂಧನ ಲೆಕ್ಕ ಹಾಕಿಯೇ ಹೊರಟಿರುತ್ತಾರೆ. ಆ ಲೆಕ್ಕದ ಕಾಯುವ ಪಾಲು ಮುಗಿದರೆ ಮಾತಿಲ್ಲ, ಹಿಂದಿರುಗಬೇಕು.

ನಾವು ಹಿಂದಿರುಗಿದೆವು. ಬೆಳಿಗ್ಗೆ 8:30ಕ್ಕೆ ನಾನು ಮತ್ತೆ ದೇವನಹಳ್ಳಿಯಲ್ಲಿದ್ದೆ.

ಪೈಲಟ್ ಮೇಲೆ ನನಗೆ ಆಗಲೂ ಸಿಟ್ಟಿಲ್ಲ, ಈಗಲೂ ಇಲ್ಲ. ಸಿಟ್ಟು ಬಂದದ್ದು ನನ್ನ ಮೇಲೆ. ಯಾಕಂದ್ರೆ ಆಗ ಅಮ್ಮನ ಫೋನ್ ಬಂತು. "ಕೆಳಗಿನ ಮನೆ ಹುಡುಗ ಬೆಂಗಳೂರಿಂದ ರಾತ್ರಿ ಬಸ್ಸಿಗೆ ಬಂದಿದ್ದಾನೆ. ಏಳು ಗಂಟೆಗೇ ಬಂದ. ಅವನೇ ಕಾಫಿ ತಂದುಕೊಟ್ಟ. ನೀನು ಎಲ್ಲಿಗೆ ಮುಟ್ಟಿದೆ?"

ಸುದ್ದಿ ಅವನಿಗೂ ನನಗೂ ಒಂದೇ ಹೊತ್ತಿಗೆ ಗೊತ್ತಾದದ್ದು. ಅವನು ನಿದ್ದೆ ಮಾಡಿಕೊಂಡು ಬಂದು ಅಪ್ಪನ ಕೈ ಹಿಡಿದು ಕೂತಿದ್ದ. ಮಗ ಏರ್‌ಪೋರ್ಟಿನ ಕುರ್ಚಿಯಲ್ಲಿದ್ದ.

ಹತ್ತು ಗಂಟೆಗೆ ಅಪ್ಪನನ್ನು ಒಳಗೆ ಕರೆದುಕೊಂಡು ಹೋದರು. ಅದಕ್ಕೆ ಮೊದಲು ವಿಡಿಯೋ ಕಾಲ್ ಮಾಡಿದೆ. ಹಸಿರು ಗೌನಿನಲ್ಲಿ ಅಪ್ಪ ಚಿಕ್ಕವರಾಗಿ ಕಂಡರು. ನನ್ನ ಹಿಂದೆ ಅಂಗಡಿಗಳ ಲೈಟು ನೋಡಿ, "ಇನ್ನೂ ಅಲ್ಲಿಯೇ ಉಂಟಾ ನೀನು?" ಅಂದರು. ನೆಟ್‌ವರ್ಕ್ ಕಟ್ ಆಯ್ತು. ಮತ್ತೆ ಸಿಗಲಿಲ್ಲ. ಸಹಿ ಹಾಕಿದ್ದು ಅಮ್ಮ, ಜೊತೆಗೆ ನಿಂತದ್ದು ಪಕ್ಕದ ಮನೆ ಅಣ್ಣ.

ಎರಡನೇ ಸಲ ವಿಮಾನ ಹೊರಟಿದ್ದು 11:40ಕ್ಕೆ. ಆಸ್ಪತ್ರೆಗೆ ಮುಟ್ಟಿದಾಗ ಮಧ್ಯಾಹ್ನ 1:30. ಅಪ್ಪನನ್ನು ವಾರ್ಡಿಗೆ ತಂದಿದ್ದರು. ಎಲ್ಲ ಸರಿಯಾಗಿತ್ತು. ದೇವರು ದೊಡ್ಡವನು, ಡಾಕ್ಟರೂ ಒಳ್ಳೆಯವರು. ಅಪ್ಪ ಈಗ ವಾಕರ್ ಬಿಟ್ಟು ಕೋಲು ಹಿಡಿದು ತೋಟದ ಬದಿವರೆಗೆ ಹೋಗ್ತಾರೆ. ಆದರೆ "ಒಳಗೆ ಹೋಗುವ ಮೊದಲು ಒಮ್ಮೆ ಮುಖ ತೋರಿಸು" ಅಂದದ್ದು ಆಗಲಿಲ್ಲ. ಅದು ಮತ್ತೆ ಆಗೋದೂ ಇಲ್ಲ.

ಆ ರಾತ್ರಿ ಆಸ್ಪತ್ರೆ ಕಾರಿಡಾರಿನಲ್ಲಿ ಕೂತು ನಾನು ಮಾಡಬೇಕಿದ್ದ ಲೆಕ್ಕ ಮಾಡಿದೆ. 3:15ರಿಂದ 1:30ರವರೆಗೆ, ಹತ್ತೂಕಾಲು ಗಂಟೆ. ಮನೆಯಿಂದ ಆಸ್ಪತ್ರೆವರೆಗೆ ವಿಮಾನದ 306, ಆ ಕಡೆ ಈ ಕಡೆ ರಸ್ತೆ 60, ಒಟ್ಟು 366 ಕಿ.ಮೀ. ಸರಾಸರಿ ವೇಗ ಗಂಟೆಗೆ ಸುಮಾರು 36. ಅಪ್ಪನ ಹಳೇ ಸ್ಕೂಟರಿನ ವೇಗ.

ನೀವು ಹೇಳಬಹುದು, ಅದು ಮಳೆಯ ತಪ್ಪು, ದಿನಾ ಹೀಗಾಗಲ್ಲ ಅಂತ. ನಿಜ. ನನ್ನ ನಿಜವಾದ ತಪ್ಪು ಮಳೆಯಲ್ಲಿ ಇಲ್ಲ. ವಿಮಾನ ಒಂದು ನಿಮಿಷವೂ ತಡವಾಗದೆ ಬಂದಿದ್ದರೆ ಏನಾಗ್ತಿತ್ತು ನೋಡಿ. 7:15ಕ್ಕೆ ಬಜ್ಪೆ. ಹೊರಗೆ ಬಂದು ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಎಂಟೂಕಾಲು. ಬಸ್ಸಿನವನು ಏಳಕ್ಕೇ ಅಲ್ಲಿದ್ದ. ಅಂದರೆ ಎಲ್ಲ ಸರಿ ಇದ್ದರೂ ಒಂದು ಗಂಟೆಯ ವಿಮಾನಕ್ಕಿಂತ ಎಂಟು ಗಂಟೆಯ ಬಸ್ಸು ಮೊದಲು ಮುಟ್ಟುತ್ತಿತ್ತು!

ನಾನು ಹೋಲಿಸಿದ್ದು ಪ್ರಯಾಣದ ಅವಧಿಯನ್ನು. ಹೋಲಿಸಬೇಕಿದ್ದದ್ದು ತಲುಪುವ ಹೊತ್ತನ್ನು. ಫೋನ್ ಬಂದದ್ದು 8:40ಕ್ಕೆ, ವಿಮಾನ ಹೊರಡೋದು 6:10ಕ್ಕೆ. ನಡುವಿನ ಒಂಬತ್ತೂವರೆ ಗಂಟೆ ಕಾಯೋದು ಆ್ಯಪಿನಲ್ಲಿ ಎಲ್ಲೂ ಬರೆದಿರಲ್ಲ. ಆಫೀಸಿನಲ್ಲಿ ನಾನು ದಿನಾ ಇದೇ ಪಾಠ ಜೂನಿಯರ್‌ಗಳಿಗೆ ಹೇಳ್ತೀನಿ. ಸರ್ವರ್ ಎಷ್ಟು ಬೇಗ ಕೆಲಸ ಮಾಡುತ್ತೆ ಅಂತ ನೋಡಬೇಡಿ, ಬಳಕೆದಾರ ಬಟನ್ ಒತ್ತಿದ ಮೇಲೆ ಉತ್ತರ ಬರೋಕೆ ಒಟ್ಟು ಎಷ್ಟು ಹೊತ್ತು ಅಂತ ನೋಡಿ. ಕ್ಯೂನಲ್ಲಿ ಕಾದ ಸಮಯವೂ ಸಮಯವೇ. ನನ್ನ ಅಪ್ಪನ ವಿಷಯಕ್ಕೆ ಬಂದಾಗ ಆ ಪಾಠ ನೆನಪಾಗಲಿಲ್ಲ.

ಇನ್ನೊಂದು ವಿಷಯ ತಮಾಷೆ ಅನ್ನಿಸಿತು. ಬೆಂಗಳೂರು ಮಂಗಳೂರು ನಡುವಿನ ಆ 306 ಕಿ.ಮೀ. ದಾರ ಇದೆಯಲ್ಲ, ಅದನ್ನು ನಕ್ಷೆಯ ಮೇಲೆ ಎಳೆದರೆ ನಮ್ಮ ಬೆಳ್ತಂಗಡಿ ತಾಲೂಕಿನ ನೆತ್ತಿಯ ಮೇಲೇ ಹಾದು ಹೋಗುತ್ತೆ. ಅಂದರೆ ಹಬ್ಬಕ್ಕೆ ಊರಿಗೆ ಹೋಗುವಾಗೆಲ್ಲ ನಾನು ನಮ್ಮ ಮನೆ ದಾಟಿ 40 ಕಿ.ಮೀ. ಮುಂದೆ ಹೋಗಿ ಇಳಿದು, ಮತ್ತೆ ಒಂದೂವರೆ ಗಂಟೆ ಟ್ಯಾಕ್ಸಿಯಲ್ಲಿ ಹಿಂದೆ ಬರ್ತಾ ಇದ್ದೆ! ಮಾಮೂಲಿ ದಿನದ ಲೆಕ್ಕ ಹಾಕಿ ನೋಡಿದೆ. ಕ್ಯಾಬ್ ಒಂದೂಕಾಲು ಗಂಟೆ, ನಿಲ್ದಾಣದಲ್ಲಿ ಮುಂಚೆ ಹೋಗಿ ಕೂರೋದು ಒಂದೂವರೆ, ವಿಮಾನ ಒಂದು ಗಂಟೆ ಐದು ನಿಮಿಷ, ಬ್ಯಾಗು ಹಿಡಿದು ಹೊರಗೆ ಬರೋಕೆ ಇಪ್ಪತ್ತು ನಿಮಿಷ, ಟ್ಯಾಕ್ಸಿ ಒಂದೂವರೆ. ಒಟ್ಟು ಐದು ಗಂಟೆ ನಲವತ್ತು ನಿಮಿಷ. ಧರ್ಮಸ್ಥಳದ ರಾತ್ರಿ ಬಸ್ಸಿಗೆ ಬಾಗಿಲಿಂದ ಬಾಗಿಲಿಗೆ ಎಂಟೂವರೆ. ವಿಮಾನ ಉಳಿಸೋದು ಮೂರು ಗಂಟೆ ಅಷ್ಟೇ, ಅದೂ ಹಗಲಿನ ಮೂರು ಗಂಟೆ.

ಬಸ್ಸೇ ಮೇಲು ಅಂತ ನಾನು ಹೇಳ್ತಾ ಇಲ್ಲ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಬಸ್ಸಿನವರ ಪಾಡು ಏನು ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. ರೈಲೂ ಸಕಲೇಶಪುರ ದಾಟಿ ಸುಬ್ರಹ್ಮಣ್ಯಕ್ಕೆ ಇಳಿಯುವಷ್ಟರಲ್ಲಿ 57 ಸುರಂಗ ನುಗ್ಗಬೇಕು, ಮಳೆಗಾಲದಲ್ಲಿ ಅದೂ ನಿಂತೀತು. ಬೆಳಿಗ್ಗೆ ಏಳಕ್ಕೆ ಫೋನ್ ಬಂದರೆ ವಿಮಾನವೇ ಸರಿ, ರಾತ್ರಿ ಎಂಟಕ್ಕೆ ಬಂದರೆ ಬಸ್ಸು. ಉತ್ತರ ಒಂದೇ ಅಲ್ಲ, ಕೇಳಿದ ಹೊತ್ತಿನ ಮೇಲೆ ಬದಲಾಗುತ್ತೆ.

ಅದಕ್ಕೇ ಈಗ ಫೋನಿನಲ್ಲಿ ಒಂದು ಚಿಕ್ಕ ನೋಟ್ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ನಡುರಾತ್ರಿ, ಹೀಗೆ ನಾಲ್ಕು ಸಾಲು. ಪ್ರತಿ ಸಾಲಿನಲ್ಲಿ, ಆ ಹೊತ್ತಿಗೆ ಹೊರಟರೆ ಮೊದಲು ಮುಟ್ಟಿಸೋದು ಯಾವುದು, ಮಳೆಗಾಲದಲ್ಲಿ ಎರಡನೇ ದಾರಿ ಯಾವುದು ಅಂತ. ಕೆಳಗೆ ಅಪ್ಪ ಅಮ್ಮನ ವಿಮೆ ಕಾರ್ಡಿನ ಫೋಟೋ, ಔಷಧಿಗಳ ಪಟ್ಟಿ, ಪಕ್ಕದ ಮನೆ ಅಣ್ಣನ ನಂಬರು, ಊರಿನ ಜೀಪಿನವರ ನಂಬರು. ನಾನು ಯಾವ ದಾರಿಯಲ್ಲಿ ಬಂದರೂ ಮೊದಲ ಅರ್ಧ ಗಂಟೆಯಲ್ಲಿ ಅಪ್ಪನ ಹತ್ತಿರ ಇರೋದು ಆ ಅಣ್ಣನೇ. ಹಾಗಾಗಿ ಊರಿಗೆ ಹೋದಾಗಲೆಲ್ಲ ಅವರ ಮನೆಗೂ ಹೋಗಿ ಕೂತು ಕಾಫಿ ಕುಡಿದು ಬರ್ತೇನೆ. ಮೊದಲು ಗೇಟಿನಲ್ಲೇ ಕೈ ಬೀಸಿ ಹೋಗ್ತಾ ಇದ್ದೆ.

ಈ ನೋಟ್ ಮಾಡೋಕೆ ಹಿಡಿದದ್ದು ಇಪ್ಪತ್ತು ನಿಮಿಷ. ನಿಮ್ಮ ಊರು ಹುಬ್ಬಳ್ಳಿಯೋ ಕಲಬುರಗಿಯೋ ಶಿವಮೊಗ್ಗವೋ, ಇವತ್ತೇ ಕೂತು ಒಂದು ಸಲ ಮಾಡಿ. ಗಾಬರಿಯಲ್ಲಿ ಆ್ಯಪ್ ತೆಗೆದಾಗ ಅದು ದೊಡ್ಡ ಅಕ್ಷರದಲ್ಲಿ ತೋರಿಸಿದ್ದನ್ನೇ ಮನಸ್ಸು ನಂಬುತ್ತೆ. ನಾನು ನಂಬಿದ್ದೆ.

ಅಕ್ಕ ಮೂರನೇ ದಿನ ಬಂದಳು. ಹದಿನಾರು ಹದಿನೇಳು ಗಂಟೆಯ ಹಾರಾಟ, ಆ ಕಡೆ ಈ ಕಡೆ ಸೇರಿ ಎಲ್ಲ ಲೆಕ್ಕ ಹಾಕಿದರೆ ಒಂದೂವರೆ ದಿನ. ಬಂದವಳೇ ಅಪ್ಪನ ಕಾಲ ಹತ್ತಿರ ಕೂತು "ದೂರ ಆಯ್ತಪ್ಪ" ಅಂದಳು. ಅಪ್ಪ ನನ್ನ ಕಡೆ ನೋಡಿ ನಕ್ಕರು.

"ನೀನು ದೂರದಿಂದ ಬಂದದ್ದು ಹೌದು. ಇವನು ಒಂದು ಗಂಟೆಯಲ್ಲಿ ಬರ್ತೇನೆ ಅಂತ ಹೇಳಿ, ನನ್ನ ಒಂದು ನಿದ್ದೆ ಆಗಿ ಎದ್ದ ಮೇಲೆ ಬಂದ."

ಆಪರೇಷನ್ನಿನ ನಿದ್ದೆಯ ಬಗ್ಗೆ ಅವರು ಹೇಳಿದ್ದು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಈಗ ಯಾರಾದರೂ ಊರು ಎಷ್ಟು ದೂರ ಅಂತ ಕೇಳಿದರೆ ನಾನೂ ಹಾಗೇ ಹೇಳೋದು. ಒಂದು ನಿದ್ದೆ ದೂರ.